ಬಿಡದಿಯ ಹೈಬ್ರಿಡ್, ಹಡಗಿನ ಹೈಬ್ರಿಡ್

ಅರಮನೆ ಮೈದಾನದಲ್ಲಿ ಒಂದು ಮದುವೆ. ಊಟ ಮುಗಿಸಿ ಕಾರು ತೆಗೆಯೋಣ ಅಂತ ಬಂದರೆ ನಮ್ಮ ಕಾರಿನ ಹಿಂದೆ ಇನ್ನೊಂದು ಅಡ್ಡ ನಿಂತಿದೆ. ಅದರ ಡ್ರೈವರ್ ಎಲ್ಲೋ ಪಂಕ್ತಿಯಲ್ಲಿ ಕೂತಿದ್ದಾನೆ. ಕಾಯದೆ ಬೇರೆ ದಾರಿ ಇರಲಿಲ್ಲ. ಆಗ ಭಾವನ ಕಣ್ಣು ಎದುರಿನ ಎರಡು ಟೊಯೋಟ ಕಾರುಗಳ ಮೇಲೆ ಬಿತ್ತು. ಒಂದು ವೆಲ್‌ಫೈರ್, ಕಪ್ಪು ಬಣ್ಣದ್ದು, ಒಂದು ಸಣ್ಣ ಕೋಣೆಯಷ್ಟು ದೊಡ್ಡದು. ಪಕ್ಕದಲ್ಲಿ ಇನ್ನೋವಾ ಹೈಕ್ರಾಸ್, ಬಿಳಿ. ಎರಡರ ಹಿಂದೆಯೂ ಹೈಬ್ರಿಡ್ ಬ್ಯಾಡ್ಜ್, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿ, ಮೋಟಾರೂ ಇರುವ ಕಾರು. ಭಾವ ತರೀಕೆರೆ ಕಡೆಯ ಅಡಿಕೆ ಬೆಳೆಗಾರರು. ಒಂದು ವರ್ಷದಿಂದ ಕಾರು ತಗೊಳ್ಳಬೇಕು ಅಂತ ಮನೆಯವರ ತಲೆ ತಿನ್ನುತ್ತಿದ್ದಾರೆ. ‘ಎರಡೂ ಒಂದೇ ಕಂಪನಿ. ಎರಡೂ ಹೈಬ್ರಿಡ್. ಎರಡರಲ್ಲೂ ಏಳು ಜನ ಕೂರ್ತಾರೆ. ಇದಕ್ಕೆ ಮೂವತ್ತು ಲಕ್ಷ, ಅದಕ್ಕೆ ಕೋಟಿ ದಾಟುತ್ತೆ. ಆ ಕೋಟಿ ಎಲ್ಲಿ ಕೂತಿದೆ ಹೇಳು’ ಅಂದರು.

‘ತೆರಿಗೆ ಭಾವ’ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ತೆರಿಗೆ ಅನ್ನುವುದು ಉತ್ತರದ ಒಂದು ಭಾಗ ಮಾತ್ರ. ನಾನು ಕೆಂಗೇರಿಯಲ್ಲಿ ಇರುವವನು. ಮೈಸೂರು ರಸ್ತೆಯಲ್ಲಿ ಬಿಡದಿ ಕಡೆಯಿಂದ ಹೊಸ ಕಾರುಗಳನ್ನು ಹೊತ್ತುಕೊಂಡು ಬರುವ ಉದ್ದುದ್ದ ಟ್ರೈಲರ್‌ಗಳ ಹಿಂದೆ ಸಿಕ್ಕಿಹಾಕಿಕೊಳ್ಳುವುದು ನನ್ನ ದಿನಚರಿ. ಆ ಬಿಳಿ ಹೈಕ್ರಾಸ್ ಅಲ್ಲಿನ ಟೊಯೋಟ ಕಾರ್ಖಾನೆಯಿಂದ ಹೊರಟಿದ್ದು. ಕಪ್ಪು ವೆಲ್‌ಫೈರ್ ಜಪಾನಿನಿಂದ ಹಡಗಿನಲ್ಲಿ ಬಂದದ್ದು. ಸಂಸಾರಸ್ಥ ಒಬ್ಬನಿಗೆ ಈ ಎರಡರ ನಡುವೆ ನಿಜವಾದ ವ್ಯತ್ಯಾಸ ಎಲ್ಲಿದೆ ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ.

ನೂರು ರೂಪಾಯಿ ಹೇಗೆ ಮುನ್ನೂರಾಗುತ್ತದೆ

ತೆರಿಗೆಯ ಕತೆ ಮೊದಲು ಮುಗಿಸಿಬಿಡೋಣ. ಪೂರ್ತಿ ತಯಾರಾಗಿ ಹೊರಗಿನಿಂದ ಬರುವ ಕಾರಿನ ಬೆಲೆ 40,000 ಡಾಲರ್ ದಾಟಿದರೆ ಸುಂಕ ನೂರಕ್ಕೆ ನೂರು, ಅದಕ್ಕೂ ಸ್ವಲ್ಪ ಜಾಸ್ತಿಯೇ. ಅಂದರೆ ಬಂದರಿನಲ್ಲಿ ನೂರು ರೂಪಾಯಿಯ ಕಾರು ಗೇಟು ದಾಟುವಾಗ ಇನ್ನೂರು. ಅದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ 40 ಪರ್ಸೆಂಟ್. ಇನ್ನೂರು ಇದ್ದದ್ದು ಇನ್ನೂರ ಎಂಬತ್ತು. ಆಮೇಲೆ ನಮ್ಮ ಆರ್‌ಟಿಒ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ 18 ಪರ್ಸೆಂಟ್, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಹೆಚ್ಚುಕಡಿಮೆ 20 ಅಂತಲೇ ಹಿಡಿಯಿರಿ. ಮುನ್ನೂರ ಮೂವತ್ತಾರು. ಹಡಗಿನ ಬಾಡಿಗೆ, ಡೀಲರ್ ಲಾಭ, ಇನ್ಶೂರೆನ್ಸ್ ಇನ್ನೂ ಸೇರಿಸಿಲ್ಲ. ಸುಂಕದ ಮೇಲೆ ಜಿಎಸ್‌ಟಿ, ಜಿಎಸ್‌ಟಿಯ ಮೇಲೆ ರಸ್ತೆ ತೆರಿಗೆ, ರಸ್ತೆ ತೆರಿಗೆಯ ಮೇಲೆ ಸೆಸ್. ತೆರಿಗೆಗೂ ತೆರಿಗೆ ಕಟ್ಟುವುದು ಅಂದರೆ ಇದೇ.

ಹೊಸ ವೆಲ್‌ಫೈರ್ 2023ರಲ್ಲಿ ಇಲ್ಲಿಗೆ ಬಂದಾಗ ಶೋರೂಂ ಬೆಲೆಯೇ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷದಿಂದ ಶುರುವಾಯಿತು. ಭಾವ ಹುಡುಕುತ್ತಿದ್ದ ಕೋಟಿಯಲ್ಲಿ ಬಹುಪಾಲು ಸರ್ಕಾರಗಳ ಖಜಾನೆಯಲ್ಲಿ ಕೂತಿದೆ. ಸೀಟಿನಲ್ಲಿ ಕೂತಿರುವುದು ಕಡಿಮೆ.

ಹಡಗಿನ ಕಾರು, ಇಲ್ಲಿಯ ಕಾರು, ಇವೆರಡರ ಮಧ್ಯೆ ಇನ್ನೊಂದು ಜಾತಿಯೂ ಇದೆ. ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾಗುವ ಕಾರು. ಟೊಯೋಟದ ಕ್ಯಾಮ್ರಿ ಹೈಬ್ರಿಡ್ 2013ರಿಂದ ಬಿಡದಿಯಲ್ಲೇ ಜೋಡಣೆಯಾಗುತ್ತಿದೆ. ಆದರೂ 2024ರ ಡಿಸೆಂಬರ್‌ನಲ್ಲಿ ಹೊಸ ಮಾದರಿ ಬಂದಾಗ ಬೆಲೆ 48 ಲಕ್ಷ. ಯಾಕೆ? ಒಳಗಿನ ಭಾಗಗಳಲ್ಲಿ ಹೆಚ್ಚಿನವು ಇನ್ನೂ ಹಡಗಿನಲ್ಲೇ ಬರುತ್ತವೆ. ಬೋಲ್ಟು ಬಿಗಿಯುವುದು ಇಲ್ಲಿ ಅಷ್ಟೇ. ಹಾಗಾಗಿ ‘ದೇಶಿ’ ಮತ್ತು ‘ಇಂಪೋರ್ಟೆಡ್’ ಅಂತ ಎರಡೇ ಖಾನೆ ಮಾಡಿಕೊಂಡರೆ ಕಾರು ಕೊಳ್ಳುವವನಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಪಾಲು ಇಲ್ಲಿ ತಯಾರಾಗಿದೆ ಅಂತ ಕೇಳಬೇಕು. ಹೈಬ್ರಿಡ್ ಕಾರಿನಲ್ಲಂತೂ ಮೋಟಾರು ಮತ್ತು ಗೇರು ಸೇರಿರುವ ಇ-ಡ್ರೈವ್ ಎಲ್ಲಿ ತಯಾರಾಗುತ್ತದೆ ಅಂತ ಕೇಳಬೇಕು.

ಪ್ರಿಯಸ್ ಇಲ್ಲಿ ಯಾಕೆ ಸೋತಿತು

ಹೈಬ್ರಿಡ್ ನಮಗೆ ಮೊದಲು ಪರಿಚಯವಾಗಿದ್ದೇ ಹಡಗಿನ ಸರಕಾಗಿ. 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಬಂತು. ಬೆಲೆ 21 ಲಕ್ಷಕ್ಕೂ ಜಾಸ್ತಿ. ಆಗ ಸಾಮಾನ್ಯ ಸಿವಿಕ್ ಅದಕ್ಕಿಂತ ಎಷ್ಟೋ ಅಗ್ಗ. ಯಾರು ತಗೊಳ್ತಾರೆ? ಕೆಲವೇ ತಿಂಗಳಲ್ಲಿ ಬೆಲೆಯನ್ನು ಲಕ್ಷಗಟ್ಟಲೆ ಇಳಿಸಿ ಮಾರಬೇಕಾಯಿತು. 2010ರಲ್ಲಿ ಟೊಯೋಟದ ಪ್ರಿಯಸ್ ಬಂತು, 26 ಲಕ್ಷದ ಮೇಲೆ. ಜಪಾನಿನಲ್ಲಿ 1997ರ ಡಿಸೆಂಬರ್‌ನಲ್ಲಿ ಶುರುವಾದ, ಇಡೀ ಜಗತ್ತಿಗೆ ಹೈಬ್ರಿಡ್ ಅಂದರೆ ಏನು ಅಂತ ತೋರಿಸಿದ ಕಾರು ಅದು.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಚಿಕ್ಕಪ್ಪನ ಮಗನ ಹತ್ತಿರ ಅದೇ ಪ್ರಿಯಸ್ ಇತ್ತು. ಆಗ ಅಲ್ಲಿ ಹೈಬ್ರಿಡ್ ಕಾರಿಗೆ ಹಳದಿ ಸ್ಟಿಕ್ಕರ್ ಕೊಡುತ್ತಿದ್ದರು. ಅದನ್ನು ಅಂಟಿಸಿಕೊಂಡರೆ ಒಬ್ಬನೇ ಇದ್ದರೂ, ಹೆಚ್ಚು ಜನ ಕೂತ ಕಾರುಗಳಿಗೆ ಮೀಸಲಾದ ಕಾರ್‌ಪೂಲ್ ಲೇನಿನಲ್ಲಿ ಹೋಗಬಹುದಿತ್ತು. ಅವನ ಕಾಲೊನಿಯಲ್ಲಿ ಪ್ರಿಯಸ್ ಅಂದರೆ ಮೇಷ್ಟ್ರು, ನರ್ಸು, ಸಂಬಳದ ಎಂಜಿನಿಯರು ಓಡಿಸುವ ಕಾರು. ಪೆಟ್ರೋಲ್ ಉಳಿಸುವವರ ಕಾರು. ಅದೇ ಕಾರು ಇಲ್ಲಿ ಬಂದು ನಿಂತಾಗ ಬೆಂಜ್ ಬೆಲೆಯ ಹತ್ತಿರ ಹೋಗಿತ್ತು. ಬೆಂಜ್ ಕೊಳ್ಳುವ ದುಡ್ಡಿದ್ದವನು ಪೆಟ್ರೋಲ್ ಲೆಕ್ಕ ಹಾಕುವುದಿಲ್ಲ. ಪೆಟ್ರೋಲ್ ಲೆಕ್ಕ ಹಾಕುವವನ ಹತ್ತಿರ ಅಷ್ಟು ದುಡ್ಡಿರುವುದಿಲ್ಲ. ಪ್ರಿಯಸ್ಸಿಗೆ ಇಲ್ಲಿ ಗಿರಾಕಿಯೇ ಹುಟ್ಟಲಿಲ್ಲ. 2017ರಲ್ಲಿ ಹೊಸ ಪ್ರಿಯಸ್ ಬಂದಾಗ ಬೆಲೆ 39 ಲಕ್ಷ ಮುಟ್ಟಿತ್ತು. ಅದೇ ವರ್ಷ ಜಿಎಸ್‌ಟಿ ಜಾರಿಗೆ ಬಂದು ಹೈಬ್ರಿಡ್ ಮೇಲೆ ಸೆಸ್ ಸೇರಿ 43 ಪರ್ಸೆಂಟ್ ಬಿತ್ತು. ಕ್ಯಾಮ್ರಿಯ ಬೆಲೆಯೂ ಒಂದೇ ಏಟಿಗೆ ಜಿಗಿಯಿತು.

ತಂತ್ರಜ್ಞಾನದಲ್ಲಿ ಏನೂ ಕೊರತೆ ಇರಲಿಲ್ಲ ಅನ್ನುವುದಕ್ಕೆ 2022 ಸಾಕ್ಷಿ. ಆ ವರ್ಷ ಮೇ ತಿಂಗಳಲ್ಲಿ ರಾಜಸ್ಥಾನದ ತಾಪುಕರ ಕಾರ್ಖಾನೆಯಿಂದ ಹೋಂಡಾ ಸಿಟಿ ಹೈಬ್ರಿಡ್ ಬಂತು, ಹತ್ತೊಂಬತ್ತೂವರೆ ಲಕ್ಷಕ್ಕೆ. ಸೆಪ್ಟೆಂಬರ್ ಹೊತ್ತಿಗೆ ಬಿಡದಿಯಿಂದ ಟೊಯೋಟದ ಹೈರೈಡರ್ ಮತ್ತು ಮಾರುತಿಯ ಗ್ರ್ಯಾಂಡ್ ವಿಟಾರ ಬಂದವು. ಲೀಟರಿಗೆ 27.97 ಕಿಲೋಮೀಟರ್ ಅಂತ ಸರ್ಟಿಫಿಕೇಟ್. ವರ್ಷದ ಕೊನೆಗೆ ಹೈಕ್ರಾಸ್. ಜನ ಬುಕ್ ಮಾಡಿ ತಿಂಗಳುಗಟ್ಟಲೆ ಕಾದರು. ಟಾಪ್ ಮಾಡೆಲ್‌ನ ಬುಕಿಂಗನ್ನೇ ಕಂಪನಿ ಕೆಲ ಕಾಲ ನಿಲ್ಲಿಸಿತ್ತು. ಹನ್ನೆರಡು ವರ್ಷದ ಹಿಂದೆ ಶೋರೂಮಿನಲ್ಲಿ ಧೂಳು ತಿಂದ ತಂತ್ರವೇ ಇದು. ಆಗ ಹಡಗಿನಲ್ಲಿ ಬಂದಿತ್ತು, ಈಗ ಟ್ರೈಲರ್‌ನಲ್ಲಿ ಬಂತು.

ಮಾವನ ಸ್ವದೇಶಿ

ಭಾವನ ತಂದೆಗೆ ಎಂಬತ್ತು ಹತ್ತಿರ. ನಾವೆಲ್ಲ ಅವರನ್ನು ಮಾವ ಅಂತಲೇ ಕರೆಯುವುದು. ‘ತಗೊಂಡ್ರೆ ನಮ್ಮ ದೇಶದ್ದೇ ತಗೋ’ ಅನ್ನುವುದು ಅವರ ಕಟ್ಟಪ್ಪಣೆ. ಅವರ ಪಟ್ಟಿಯಲ್ಲಿ ಇರುವುದು ಎರಡೇ ಹೆಸರು, ಟಾಟಾ ಮತ್ತು ಮಹೀಂದ್ರ. ತೊಂದರೆ ಏನೆಂದರೆ ಇಬ್ಬರೂ ಎಲೆಕ್ಟ್ರಿಕ್ ದಾರಿ ಹಿಡಿದಿದ್ದಾರೆ. ಹೈಬ್ರಿಡ್‌ಗೆ ಸರ್ಕಾರ ರಿಯಾಯಿತಿ ಕೊಡಬಾರದು ಅಂತ ವಾದ ಮಾಡಿದವರ ಸಾಲಿನಲ್ಲೂ ಇವರಿದ್ದರು. ಎಲೆಕ್ಟ್ರಿಕ್ ಮೇಲೆ ದುಡ್ಡು ಸುರಿದವರಿಗೆ ಅದು ಸಹಜ ಬಿಡಿ. ಹಾಗಾಗಿ ಇಂಡಿಯಾದಲ್ಲಿ ‘ದೇಶಿ ಹೈಬ್ರಿಡ್’ ಅಂತ ನಾವು ಹೇಳುವ ಕಾರುಗಳ ಮೂತಿಯ ಮೇಲೆ ಇರುವುದು ಹೆಚ್ಚಾಗಿ ಜಪಾನಿನ ಹೆಸರುಗಳೇ.

ಮಾವನಿಗೆ ಇದನ್ನು ಹೇಗೆ ಹೇಳುವುದು? ನಾನು ಹರಿಹರದಿಂದ ಶುರು ಮಾಡಿದೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಅವರಿಗೆ ಚೆನ್ನಾಗಿ ಗೊತ್ತು. ಆ ಕಾಲದಲ್ಲಿ ಅಲ್ಲಿ ಕೆಲಸ ಸಿಕ್ಕಿತು ಅಂದರೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಿದ್ದರಂತೆ. ಅದೇ ಮನೆತನದ ವಿಕ್ರಮ್ ಕಿರ್ಲೋಸ್ಕರ್ ಟೊಯೋಟ ಜೊತೆ ಸೇರಿ ಬಿಡದಿಗೆ ಕಾರ್ಖಾನೆ ತಂದದ್ದು. 2000ದಲ್ಲಿ ಅಲ್ಲಿಂದ ಕ್ವಾಲಿಸ್ ಹೊರಬಂತು. 2022ರ ನವೆಂಬರ್ 25ಕ್ಕೆ ಹೈಕ್ರಾಸ್ ಪರದೆ ಸರಿಸಿದರು, ನಾಲ್ಕೇ ದಿನಕ್ಕೆ ಅವರು ತೀರಿಕೊಂಡರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹರಿಹರದವರದ್ದಾ?’ ಅಂದರು. ಅರ್ಧ ಒಪ್ಪಿಗೆ ಬಂದ ಹಾಗೆ.

ಉಳಿದ ಅರ್ಧ ಕಷ್ಟವಾಯಿತು. ಗ್ರ್ಯಾಂಡ್ ವಿಟಾರ ಕತೆ ಕೇಳಿ ಅವರಿಗೆ ತಲೆ ಕೆಟ್ಟಿತು. ಕಾರಿನ ವಿನ್ಯಾಸ ಸುಜುಕಿಯದು. ಹೈಬ್ರಿಡ್ ಎಂಜಿನ್ನು, ಮೋಟಾರು ಟೊಯೋಟದ್ದು. ತಯಾರಿ ಶುರುವಾದದ್ದು ಬಿಡದಿಯ ಟೊಯೋಟ ಕಾರ್ಖಾನೆಯಲ್ಲಿ. ಮಾರುವುದು ಮಾರುತಿ ಅಂಗಡಿಯಲ್ಲಿ. ಹೈಕ್ರಾಸ್ ಕೂಡ ಮೂತಿ ಬದಲಿಸಿಕೊಂಡು 2023ರಲ್ಲಿ ಇನ್ವಿಕ್ಟೊ ಅನ್ನುವ ಹೆಸರಿನಲ್ಲಿ ಮಾರುತಿಯಾಯಿತು. ಇದರಲ್ಲಿ ಯಾವುದು ದೇಶಿ, ಯಾವುದು ಪರದೇಶಿ? ‘ಬೀಗರ ಮನೆಗೆ ಕೊಟ್ಟ ಹೆಣ್ಣು’ ಅಂತ ಮಾವ ನಕ್ಕರು.

ನನ್ನ ಲೆಕ್ಕ ಇಷ್ಟೇ. ಮಾಲೀಕ ಯಾರು ಅನ್ನುವುದಕ್ಕಿಂತ ಕೆಲಸ ಎಲ್ಲಿ ನಡೆಯುತ್ತದೆ ಅನ್ನುವುದು ಕೊಳ್ಳುವವನಿಗೆ ಮುಖ್ಯ. 2022ರ ಮೇ ತಿಂಗಳಲ್ಲಿ ಟೊಯೋಟ ಬಳಗ ಕರ್ನಾಟಕ ಸರ್ಕಾರದ ಜೊತೆ 4,100 ಕೋಟಿ ರೂಪಾಯಿ ಹೂಡುವ ಒಪ್ಪಂದ ಮಾಡಿಕೊಂಡಿತು. ಆ ಬಳಗದ ಬಿಡಿಭಾಗಗಳ ಕಂಪನಿ ಬಿಡದಿಯಲ್ಲೇ ಇ-ಡ್ರೈವ್ ತಯಾರಿಸುತ್ತದೆ. ಹೈಕ್ರಾಸ್ ಬೆಲೆ ಕ್ಯಾಮ್ರಿಯ ದಾರಿ ಹಿಡಿಯದೆ ಉಳಿದದ್ದಕ್ಕೆ ಇದು ದೊಡ್ಡ ಕಾರಣ.

ಶಿರಾಡಿಯಲ್ಲಿ ಎಂಜಿನ್ ಕೂಗಿದ್ದು

ಲೆಕ್ಕಾಚಾರ ಸಾಕು, ಓಡಿಸಿದ ಕತೆ ಹೇಳುತ್ತೇನೆ. ಗೆಳೆಯನ ಹೈಕ್ರಾಸ್ ತೆಗೆದುಕೊಂಡು ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೊರಟಿದ್ದೆವು. ಭಾವನೂ ಇದ್ದರು. ‘ಓಡಿಸಿ ನೋಡಿದ ಹಾಗೂ ಆಯ್ತು, ಮಂಜುನಾಥನ ದರ್ಶನವೂ ಆಯ್ತು’ ಅನ್ನುವ ಲೆಕ್ಕ. ನೆಲಮಂಗಲ ದಾಟುವ ತನಕ ಗಾಡಿ ಬಹಳ ಹೊತ್ತು ಬ್ಯಾಟರಿಯಲ್ಲೇ ತೆವಳಿತು. ಎಂಜಿನ್ ಯಾವಾಗ ಹೊತ್ತಿಕೊಂಡಿತು, ಯಾವಾಗ ಆರಿತು ಅಂತ ಹಿಂದಿನ ಸೀಟಿನವರಿಗೆ ಗೊತ್ತೇ ಆಗಲಿಲ್ಲ. ಹಾಸನದ ಹೈವೇಯಲ್ಲಿ ಅದು ಮಾಮೂಲಿ ಪೆಟ್ರೋಲ್ ಕಾರೇ. ಸಕಲೇಶಪುರದಲ್ಲಿ ಕಾಫಿ ಕುಡಿದು ದೋಣಿಗಲ್ ದಾಟಿ ಶಿರಾಡಿ ಇಳಿಯಲು ಶುರು ಮಾಡಿದೆವು.

ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಮೋಟಾರು ಉಲ್ಟಾ ಕೆಲಸ ಮಾಡುತ್ತದೆ. ಚಕ್ರ ಅದನ್ನು ತಿರುಗಿಸುತ್ತದೆ, ಅದು ಕರೆಂಟು ಮಾಡಿ ಬ್ಯಾಟರಿಗೆ ತುಂಬುತ್ತದೆ. ಮೀಟರ್ ಪರದೆಯಲ್ಲಿ ಚಕ್ರದಿಂದ ಬ್ಯಾಟರಿಗೆ ಬಾಣ ಹರಿಯುತ್ತಿತ್ತು. ಮಕ್ಕಳಿಗೆ ಅದೇ ಸಿನಿಮಾ. ಒಂದು ಕಡ್ಡಿ, ಎರಡು ಕಡ್ಡಿ ಅಂತ ಬ್ಯಾಟರಿ ತುಂಬುವುದನ್ನು ಎಣಿಸುತ್ತಿದ್ದರು. ಪುಕ್ಕಟೆ ಪೆಟ್ರೋಲ್ ಸಿಕ್ಕಿದಂತೆ ಭಾವನ ಮುಖ ಅರಳಿತ್ತು. ಸ್ವಲ್ಪ ದೂರ ಇಳಿಯುವಷ್ಟರಲ್ಲಿ ಬ್ಯಾಟರಿ ತುಂಬಿಬಿಟ್ಟಿತು. ಇವು ಸಣ್ಣ ಬ್ಯಾಟರಿಗಳು. ಎಲೆಕ್ಟ್ರಿಕ್ ಕಾರಿನದಕ್ಕೆ ಹೋಲಿಸಿದರೆ ಏನೂ ಅಲ್ಲ. ತುಂಬಿದ ಮೇಲೆ ಏನಾಗುತ್ತದೆ ಅಂತ ನಮಗೆ ಯಾರಿಗೂ ಅಂದಾಜಿರಲಿಲ್ಲ.

ಎಂಜಿನ್ ಜೋರಾಗಿ ಕೂಗಲು ಶುರು ಮಾಡಿತು. ಕಾಲು ಬ್ರೇಕ್ ಮೇಲಿದೆ. ಆಕ್ಸಿಲರೇಟರ್ ಮುಟ್ಟಿಲ್ಲ. ಗಾಡಿ ಮಾತ್ರ ಏರು ಹತ್ತುವ ಲಾರಿಯ ಹಾಗೆ ಗೋಳಾಡುತ್ತಿದೆ. ಹಿಂದಿನಿಂದ ಅಮ್ಮ, ‘ಏನೋ ಕೆಟ್ಟಿತೇನೋ, ಪಕ್ಕಕ್ಕೆ ಹಾಕೋ’ ಅಂದರು. ಮಾರನಹಳ್ಳಿ ಹತ್ತಿರ ಗಾಡಿ ನಿಲ್ಲಿಸಿ ಗೆಳೆಯನಿಗೆ ಫೋನ್ ಹಚ್ಚಿದೆ. ಅವನು ನಕ್ಕ. ಬ್ಯಾಟರಿಯಲ್ಲಿ ಜಾಗ ಇಲ್ಲದಾಗ ಆ ಕರೆಂಟನ್ನು ಎಲ್ಲಾದರೂ ಕಳೆಯಬೇಕಲ್ಲ. ಇನ್ನೊಂದು ಮೋಟಾರಿಗೆ ಕೊಟ್ಟು, ಅದರಿಂದ ಎಂಜಿನ್ನನ್ನು ಸುಮ್ನೆ ತಿರುಗಿಸುತ್ತದಂತೆ. ಪೆಟ್ರೋಲ್ ಒಂದು ಹನಿಯೂ ಹೋಗುವುದಿಲ್ಲ, ಎಂಜಿನ್ ಬರೀ ತಿರುಗಿ ಗಾಡಿಯ ವೇಗ ಹಿಡಿಯುತ್ತದೆ. ನಮ್ಮ ಹಳೆಯ ಜೀಪುಗಳನ್ನು ಘಟ್ಟದಲ್ಲಿ ಎರಡನೇ ಗೇರಿನಲ್ಲಿ ಇಳಿಸುತ್ತಿದ್ದೆವಲ್ಲ, ಅದನ್ನೇ ಇದು ತಾನಾಗಿ ಮಾಡಿಕೊಳ್ಳುತ್ತದೆ. ಬ್ರೇಕ್ ಬಿಸಿಯಾಗದ ಹಾಗೆ. ಗುಂಡ್ಯ ಮುಟ್ಟುವ ತನಕ ಕೂಗು ಬಿಟ್ಟೂ ಬಿಟ್ಟೂ ಬರುತ್ತಲೇ ಇತ್ತು. ಗಾಡಿ ಕೆಟ್ಟಿಲ್ಲ ಅಂತ ಅಮ್ಮ ನಂಬಿದ್ದು ನೇತ್ರಾವತಿ ಸ್ನಾನಘಟ್ಟ ಕಂಡ ಮೇಲೆ.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ಹೈಬ್ರಿಡ್ ಕಾರಿನ ಗುಣ ಪೂರ್ತಿ ರಸ್ತೆಯ ಮೇಲೆ ನಿಂತಿದೆ. ಬೆಂಗಳೂರಿನ ಜಾಮ್‌ನಲ್ಲಿ ಅದು ರಾಜ. ನೇರ ಹೈವೇಯಲ್ಲಿ ಅದರ ಲಾಭ ಕರಗುತ್ತದೆ. ಘಟ್ಟದಲ್ಲಿ ಅರ್ಧ ಲಾಭ, ಅರ್ಧ ಗಲಾಟೆ. ಈ ವಿಷಯದಲ್ಲಿ ವೆಲ್‌ಫೈರ್ ಏನೂ ಬೇರೆ ಅಲ್ಲ. ಅದರೊಳಗೂ ಇದೇ ಬಗೆಯ ವ್ಯವಸ್ಥೆ ಇರುವುದು. ಕೋಟಿ ಕೊಟ್ಟರೂ ಶಿರಾಡಿ ಇಳಿಜಾರು ಬದಲಾಗುವುದಿಲ್ಲ.

ಕೇಸರಿ ವೈರ್

ಇನ್ನು ರಿಪೇರಿ. ಸಹೋದ್ಯೋಗಿಯೊಬ್ಬರು ಕೆಲ ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಇಂಪೋರ್ಟೆಡ್ ಹೈಬ್ರಿಡ್ ಕಾರು ತಗೊಂಡರು. ಕಂಪನಿಯ ಹೆಸರು ಬೇಡ. ಬಹಳ ಅಗ್ಗಕ್ಕೆ ಸಿಕ್ಕಿತ್ತು. ಎಷ್ಟು ಅಗ್ಗ ಅಂದರೆ, ಆಗಲೇ ಅನುಮಾನ ಬರಬೇಕಿತ್ತು ಅಂತ ಈಗ ಅವರ ಹೆಂಡತಿ ಹೇಳುತ್ತಾರೆ. ಒಂದು ಬೇಸಿಗೆಯಲ್ಲಿ ಕೆಂಪು ತ್ರಿಕೋನ ಹೊತ್ತಿಕೊಂಡು ಕಾರು ಅರ್ಧ ಶಕ್ತಿಯಲ್ಲಿ ಓಡತೊಡಗಿತು. ಜೆ.ಸಿ. ರಸ್ತೆಯ ಹಿಂದಿನ ಓಣಿಯಲ್ಲಿ ಅವರ ಹಳೆಯ ಮೆಕ್ಯಾನಿಕ್ ಒಬ್ಬ ಇದ್ದ. ಇಪ್ಪತ್ತು ವರ್ಷದ ಅನುಭವ, ಶಬ್ದ ಕೇಳಿಯೇ ರೋಗ ಹೇಳುವವನು. ಜೊತೆಗೆ ನಾನೂ ಹೋಗಿದ್ದೆ. ಆತ ಬಾನೆಟ್ ಎತ್ತಿದ. ದಪ್ಪನೆಯ ಕೇಸರಿ ಬಣ್ಣದ ಕೇಬಲ್ ಕಂಡಿದ್ದೇ ಕೈ ಹಿಂದಕ್ಕೆ ಎಳೆದುಕೊಂಡ. ‘ಸಾರ್, ಕೇಸರಿ ವೈರ್ ಇರೋ ಗಾಡಿಗೆ ನಾನು ಕೈ ಹಾಕಲ್ಲ. ಮನೇಲಿ ಮಕ್ಕಳಿದ್ದಾರೆ.’

ಅವನು ಹೇಳಿದ್ದು ಸರಿಯೇ. ಆ ಕೇಸರಿ ಕೇಬಲ್‌ನಲ್ಲಿ ಹರಿಯುವುದು ನೂರಾರು ವೋಲ್ಟು. ಮೊದಲು ಬ್ಯಾಟರಿಯ ಕರೆಂಟು ಕಡಿಯುವ ಸರ್ವಿಸ್ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ರಬ್ಬರ್ ಗ್ಲೌಸ್ ಹಾಕಿಕೊಂಡೇ ಮುಟ್ಟಬೇಕು. ಅಧಿಕೃತ ಸರ್ವಿಸ್‌ನವರು ಇಡೀ ಬ್ಯಾಟರಿ ಬದಲಿಸಬೇಕು, ಹೊರಗಿನಿಂದ ತರಿಸಬೇಕು, ಯಾವಾಗ ಬರುತ್ತದೆ ಹೇಳಲಾಗದು ಅಂದರು. ಅವರು ಹೇಳಿದ ಬೆಲೆ ಕಾರು ಕೊಂಡ ಬೆಲೆಯ ಹತ್ತಿರ ಹತ್ತಿರ ಇತ್ತು. ಕೊನೆಗೆ ಪೀಣ್ಯದಲ್ಲಿ ಬ್ಯಾಟರಿ ಕೆಲಸ ಮಾಡುವ ಹುಡುಗನೊಬ್ಬ ಸಿಕ್ಕ. ಹಿಂದಿನ ಸೀಟು ಬಿಚ್ಚಿದ. ಬ್ಯಾಟರಿಗೆ ಗಾಳಿ ಊದುವ ಸಣ್ಣ ಫ್ಯಾನ್ ಹೊರತೆಗೆದ. ಅದರ ರೆಕ್ಕೆಗಳ ಮಧ್ಯೆ ಹತ್ತಿಯಂತೆ ಧೂಳು, ನಾಯಿಯ ಕೂದಲು, ಒಂದು ಬಸ್ ಟಿಕೆಟ್ಟು. ಗಾಳಿ ಬಾರದೆ ಬ್ಯಾಟರಿ ಬೇಯುತ್ತಿತ್ತು. ಕೆಲವು ಸೆಲ್ಲುಗಳು ಆಗಲೇ ಸತ್ತಿದ್ದವು. ಅವನ್ನು ಬದಲಿಸಿ, ಫ್ಯಾನ್ ತೊಳೆದು ಹಾಕಿದ. ಕಾರು ಮತ್ತೆ ಓಡಿತು. ಆದರೆ ಮನೆಯವರ ನಂಬಿಕೆ ಹೋಗಿತ್ತು. ಅವರು ಅದನ್ನು ಮಾರಿಬಿಟ್ಟರು, ಇನ್ನೂ ಅಗ್ಗಕ್ಕೆ.

ತಯಾರಿಸಿದವರ ಊರಿನಲ್ಲಿ ನಮ್ಮಷ್ಟು ಧೂಳು ಇರಲಿಕ್ಕಿಲ್ಲ. ಇಲ್ಲಿ ಸಾವಿರಾರು ಕಾರು ಓಡುತ್ತಿದ್ದರೆ ಆ ಫ್ಯಾನ್ ಸ್ವಚ್ಛ ಮಾಡುವುದು ಪ್ರತಿ ಸರ್ವಿಸ್‌ನ ಮಾಮೂಲಿ ಕೆಲಸ ಆಗುತ್ತಿತ್ತು. ಇದ್ದದ್ದು ಬೆರಳೆಣಿಕೆಯ ಕಾರುಗಳು. ಯಾರಿಗೂ ರೂಢಿಯಾಗಲಿಲ್ಲ. ಇಲ್ಲೇ ತಯಾರಾಗುವ ಹೈಬ್ರಿಡ್‌ನ ದೊಡ್ಡ ಬಲ ನನ್ನ ಪ್ರಕಾರ ಇದು. ಊರು ತುಂಬಾ ಅದೇ ಕಾರು ಇದ್ದರೆ ಕೈಗಳು ಪಳಗುತ್ತವೆ. ಶಿವಮೊಗ್ಗದ ಸರ್ವಿಸ್ ಸೆಂಟರ್‌ನ ಹುಡುಗನಿಗೆ ಆ ಕೇಸರಿ ವೈರ್ ದಿನ ನೋಡುವ ವೈರ್ ಆಗುತ್ತದೆ. ಹೈಕ್ರಾಸ್, ಹೈರೈಡರ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ. ಒಂಬತ್ತನೇ ವರ್ಷದಲ್ಲಿ ಏನು ಅನ್ನುವ ಪ್ರಶ್ನೆಗೆ ಪೀಣ್ಯದ ಆ ಹುಡುಗನಂಥವರೇ ಉತ್ತರ. ಅವರ ಸಂಖ್ಯೆ ಬೆಳೆಯಬೇಕಾದರೆ ರಸ್ತೆಯಲ್ಲಿ ಅಂಥ ಕಾರುಗಳ ಸಂಖ್ಯೆ ಬೆಳೆಯಬೇಕು.

ಪೆಟ್ರೋಲ್ ಉಳಿಯುತ್ತಾ?

ಉಳಿಯುತ್ತದೆ. ಆದರೆ ಸೇಲ್ಸ್‌ನವರು ಹೇಳುವಷ್ಟು ಸುಲಭವಾಗಿ ಅಲ್ಲ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುವ ಸಂಸಾರ ಅಂದುಕೊಳ್ಳಿ. ಕಂಪನಿ ಹೇಳುವ ಪ್ರಕಾರ ಪೆಟ್ರೋಲ್ ಹೈಕ್ರಾಸ್ ಲೀಟರಿಗೆ 16.13, ಹೈಬ್ರಿಡ್ 23.24. ಮೊದಲನೆಯದಕ್ಕೆ 744 ಲೀಟರ್ ಬೇಕು, ಎರಡನೆಯದಕ್ಕೆ 516. ಉಳಿತಾಯ 228 ಲೀಟರ್. ಲೀಟರಿಗೆ ನೂರ ಎರಡು ಮೂರು ರೂಪಾಯಿ ಅಂತ ಹಿಡಿದರೆ ವರ್ಷಕ್ಕೆ ಇಪ್ಪತ್ಮೂರು ಸಾವಿರ. ಮೊದಲು ಬೆಲೆ ಪ್ರಕಟಿಸಿದಾಗ ಪೆಟ್ರೋಲ್ ಮಾದರಿಗಳು 18.30 ಲಕ್ಷದಿಂದ, ಹೈಬ್ರಿಡ್ 24.01 ಲಕ್ಷದಿಂದ ಶುರುವಾಗಿದ್ದವು. ಹೈಬ್ರಿಡ್‌ನಲ್ಲಿ ಬೇರೆ ಸೌಕರ್ಯಗಳೂ ಇವೆ, ನಿಜ. ಆದರೂ ಐದು ಲಕ್ಷ ಮೀರಿದ ಅಂತರ ತುಂಬಲು ಇಪ್ಪತ್ತು ವರ್ಷ ದಾಟುತ್ತದೆ.

ಬೆಂಗಳೂರಿನ ಒಳಗೇ ಓಡಿಸುವವರಿಗೆ ಲೆಕ್ಕ ಬೇರೆ. ಸಿಲ್ಕ್ ಬೋರ್ಡ್ ಕಡೆ ದಿನಾ ಹೋಗುವವರ ದೊಡ್ಡ ಪೆಟ್ರೋಲ್ ಕಾರು ಲೀಟರಿಗೆ ಹತ್ತು ಕೊಟ್ಟರೆ ಅದೇ ಹೆಚ್ಚು. ಹೈಬ್ರಿಡ್ ಹದಿನಾರು ಹದಿನೇಳು ಕೊಡುತ್ತದೆ, ಯಾಕೆಂದರೆ ನಿಂತಾಗಲೆಲ್ಲ ಅದು ಎಂಜಿನ್ ಆರಿಸಿ ಕೂರುತ್ತದೆ. ಆಗ ವರ್ಷದ ಉಳಿತಾಯ ಐವತ್ತು ಸಾವಿರದ ಹತ್ತಿರ. ಹತ್ತು ಹನ್ನೆರಡು ವರ್ಷದಲ್ಲಿ ಹೊಂದುತ್ತದೆ. ತರೀಕೆರೆಯ ತೋಟದಿಂದ ಶಿವಮೊಗ್ಗಕ್ಕೆ, ವರ್ಷದಲ್ಲಿ ಒಂದೆರಡು ಸಲ ಬೆಂಗಳೂರಿಗೆ ಓಡಿಸುವ ಭಾವನಿಗೆ ಹೊಂದುವುದಿಲ್ಲ. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ. ಮೈಲೇಜ್ ಆಸೆಗೆ ಹೈಬ್ರಿಡ್ ತಗೋಬೇಡಿ. ಮಾವನಿಗೆ ಸದ್ದಿಲ್ಲದ ಗಾಡಿ ಬೇಕು ಅಂದರೆ ತಗೊಳ್ಳಿ ಅಂದೆ.

ವೆಲ್‌ಫೈರ್‌ಗೆ ಈ ಲೆಕ್ಕವೇ ಇಲ್ಲ. ಅದು ಲೀಟರಿಗೆ 19.28 ಕೊಡುತ್ತದೆ ಅಂತ ಕಂಪನಿ ಹೇಳುತ್ತದೆ. ಅಷ್ಟು ದೊಡ್ಡ ಗಾಡಿಗೆ ಅದು ಭಲೇ ಅನ್ನುವಂಥ ಅಂಕಿ. ಆದರೆ ಕೋಟಿ ಕೊಟ್ಟವರು ಬಂಕಿನಲ್ಲಿ ಮೀಟರ್ ನೋಡುವುದಿಲ್ಲ. ಜಪಾನಿನಲ್ಲಿ ಅದು ಮಕ್ಕಳು ಮರಿ ಅಜ್ಜಿಯನ್ನು ತುಂಬಿಕೊಂಡು ಹೋಗುವ ಗಾಡಿಯೂ ಹೌದು. ಇಲ್ಲಿ ಮಂತ್ರಿಗಳು, ಸಿನಿಮಾದವರು, ಬಿಲ್ಡರುಗಳು ಹಿಂದೆ ಮಲಗಿಕೊಂಡು ಹೋಗುವ ಗಾಡಿ. ಮನೆ ಯಜಮಾನ ಓಡಿಸುವುದನ್ನು ನಾನಂತೂ ಕಂಡಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನಗೆ ಅದರ ಮೇಲೆ ಹೊಟ್ಟೆಕಿಚ್ಚು. ಆ ಜಾರುವ ಬಾಗಿಲು. ಮಲ್ಲೇಶ್ವರದ ಅಡ್ಡ ರಸ್ತೆಗಳಲ್ಲಿ ಎರಡು ಕಡೆಯೂ ಗಾಡಿ ನಿಂತಿರುತ್ತವೆ. ಮೊಣಕಾಲು ನೋವಿನ ಅಮ್ಮನನ್ನು ಇಳಿಸಲು ಹೈಕ್ರಾಸ್‌ನ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಅವರು ಸೆರಗು, ಬ್ಯಾಗು, ಕಾಲು ಒಂದೊಂದಾಗಿ ಹೊರತಂದು, ಪಕ್ಕದ ಸ್ಕೂಟರ್ ಹಿಡಿದುಕೊಂಡು ಏಳಬೇಕು. ಜಾರುವ ಬಾಗಿಲಿದ್ದರೆ ಈ ಸರ್ಕಸ್ ಇಲ್ಲ. ಮೂವತ್ತು ಲಕ್ಷದ ಕಾರಿನಲ್ಲಿ ಕೊಡಲಾಗದಂಥ ವಿದ್ಯೆಯೇನೂ ಅಲ್ಲ ಅದು. ಮಾರುತಿ ಓಮ್ನಿಯಲ್ಲೇ ಇತ್ತು. ಓಮ್ನಿ ಕಾಲದಿಂದ ಅದು ವ್ಯಾನಿನ ಗುರುತಾಯಿತು, ವ್ಯಾನು ಅಂದರೆ ಬಾಡಿಗೆ ಗಾಡಿ ಅನ್ನಿಸಿತು. ಹಾಗಾಗಿ ಜನಕ್ಕೆ ಎಸ್‌ಯುವಿ ಮುಖವೇ ಬೇಕಾಯಿತು. ಹೈಕ್ರಾಸ್‌ನ ಮೂತಿಯೂ ಅದಕ್ಕೇ ಹಾಗೆ ಉಬ್ಬಿದೆ. ಅಮ್ಮಂದಿರ ಮೊಣಕಾಲನ್ನು ಯಾರೂ ಕೇಳಲಿಲ್ಲ.

ಲಖನೌ ದಾರಿ

ಭಾವ ಕೊನೆಗೆ ಹೈಕ್ರಾಸ್ ಹೈಬ್ರಿಡ್‌ಗೇ ಮನಸ್ಸು ಮಾಡಿದ್ದಾರೆ. ಮೈಲೇಜಿಗಲ್ಲ, ಮಾವನ ಬೆನ್ನಿಗೆ. ಶಿವಮೊಗ್ಗದಲ್ಲಿ ಕೊಟೇಶನ್ ಬರೆಸಿದಾಗ ಕೊನೆಯ ಅಂಕಿ ನೋಡಿ ನನಗೆ ಫೋನ್ ಮಾಡಿದರು. ರಸ್ತೆ ತೆರಿಗೆಯ ಸಾಲು ಅವರ ಕಣ್ಣಿಗೆ ಚುಚ್ಚಿತ್ತು. ಹೈಬ್ರಿಡ್‌ಗೆ ಏನೂ ರಿಯಾಯಿತಿ ಇಲ್ವಾ ಅಂತ ಕೇಳಿದರು. ಇಲ್ಲ. ಎಲೆಕ್ಟ್ರಿಕ್‌ಗೆ ಜಿಎಸ್‌ಟಿ 5, ದೊಡ್ಡ ಹೈಬ್ರಿಡ್‌ಗೆ 40, ಅಷ್ಟೇ ದೊಡ್ಡ ಬರೀ ಪೆಟ್ರೋಲ್ ಕಾರಿಗೂ 40. ಕಡಿಮೆ ಪೆಟ್ರೋಲ್ ಕುಡಿಯುವವನಿಗೂ ಜಾಸ್ತಿ ಕುಡಿಯುವವನಿಗೂ ಒಂದೇ ದಂಡ.

ಬಾಯಿ ತಪ್ಪಿ ಉತ್ತರ ಪ್ರದೇಶದ ಕತೆಯನ್ನೂ ಹೇಳಿದೆ. 2024ರ ಜುಲೈನಲ್ಲಿ ಅಲ್ಲಿನ ಸರ್ಕಾರ ಸ್ಟ್ರಾಂಗ್ ಹೈಬ್ರಿಡ್, ಅಂದರೆ ಹೈಕ್ರಾಸ್ ಹಾಗೆ ಬರೀ ಬ್ಯಾಟರಿಯಲ್ಲೂ ಸ್ವಲ್ಪ ದೂರ ಓಡುವ ಕಾರುಗಳ ನೋಂದಣಿ ತೆರಿಗೆಯನ್ನು ಪೂರ್ತಿ ಬಿಟ್ಟುಕೊಟ್ಟಿತು. ಬಿಡದಿಯಲ್ಲಿ ತಯಾರಾಗಿ, ನಮ್ಮ ಮನೆ ಮುಂದಿನ ರಸ್ತೆಯಲ್ಲೇ ಟ್ರೈಲರ್ ಹತ್ತಿ, ಎರಡು ಸಾವಿರ ಕಿಲೋಮೀಟರ್ ಹೋದ ಹೈಕ್ರಾಸ್ ಆಗ ಲಖನೌದವನಿಗೆ ಲಕ್ಷಗಟ್ಟಲೆ ಅಗ್ಗಕ್ಕೆ ಸಿಕ್ಕಿತು. ಕಾರ್ಖಾನೆಯ ಗೇಟಿನ ಎದುರು ಇರುವವನು ಮಾತ್ರ 18 ಪರ್ಸೆಂಟ್ ಕಟ್ಟಿದ, ಜೊತೆಗೆ ಸೆಸ್.

ಭಾವ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ, ‘ಲಖನೌದಲ್ಲಿ ನಮ್ಮ ಕಡೆಯವರು ಯಾರಾದ್ರೂ ಇದ್ದಾರೇನೋ?’ ಅಂದರು.